ದ್ರೆನನ ಐದನೆಯ ಮಗ

ಏಪ್ರಿಲ್ 23, 1992. ಸಂತ ಜಾರ್ಜನ ಹಬ್ಬ

ಇಪ್ಪತ್ತೊಂಬತ್ತು ವರ್ಷ ದಿನದ ಸುದ್ದಿಯನ್ನೆಲ್ಲ ಸಂಜೆ ಗಂಡ ದೋದನ ಕಿವಿಗೆ ಹಾಕುತ್ತಿದ್ದೆ. ಅವನು ಹೂಂಗುಟ್ಟುತ್ತಿದ್ದ, ಕೇಳಿಸಿಕೊಳ್ಳುತ್ತಿದ್ದನೋ ಇಲ್ಲವೋ, ದೇವರೇ ಬಲ್ಲ. ಫೆಬ್ರವರಿಯಲ್ಲಿ ಎದೆನೋವು ಅಂತ ಮಲಗಿದವನು ಏಳಲಿಲ್ಲ. ಅಂದಿನಿಂದ ಹೇಳುವುದನ್ನೆಲ್ಲ ಗೋಡೆಗೆ ಹೇಳುತ್ತಿದ್ದೇನೆ. ಇವತ್ತು ಮಗಳು ದಿಲಾ ಶಾಲೆಯ ಹಳೇ ಪುಸ್ತಕ ತಂದುಕೊಟ್ಟು, "ಗೋಡೆ ಜೊತೆ ಮಾತಾಡೋದಕ್ಕಿಂತ ಇದ್ರಲ್ಲಿ ಬರಿ ಅಮ್ಮಾ, ನೋಡಿದವ್ರು ಹುಚ್ಚಿ ಅನ್ನಲ್ಲ" ಅಂದಳು. ಸರಿ, ಬರೆಯುತ್ತೇನೆ.

ಸಹಕಾರಿ ಸಂಘದ ದನದ ಕೊಟ್ಟಿಗೆಯಲ್ಲಿ ಇವತ್ತು ಗಂಡಸರ ಸಭೆ. ಕೊಟ್ಟಿಗೆಯಲ್ಲಿ ಈಗ ದನವೂ ಇಲ್ಲ, ಮೇಲೆ ಹೆಂಚೂ ಇಲ್ಲ; ಕಮ್ಯುನಿಸ್ಟ್ ಪಾರ್ಟಿ ಬಿದ್ದ ವಾರವೇ ಊರವರು ಒಬ್ಬೊಬ್ಬರಾಗಿ ಬಿಚ್ಚಿಕೊಂಡು ಹೋದರು. ನಾವು ಹೆಂಗಸರು ಬಾರ್ಲಿ ಹುರಿದು ಮಾಡಿದ ಕಾಫಿ ಹಿಡಿದು ಬಾಗಿಲ ಹೊರಗೆ ನಿಂತಿದ್ದೆವು. ಒಳಗೆ ಒಬ್ಬೊಬ್ಬನೂ ಎದ್ದು ತನ್ನ ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ ಎಂದು ಹಿಂದಕ್ಕೆ ಹೆಸರು ಹೇಳುತ್ತ ಮೂಲಪುರುಷ ದ್ರೆನನನ್ನು ಹೋಗಿ ಮುಟ್ಟಿದ. ಹದಿನಾಲ್ಕು ತಲೆಮಾರು! ನಲವತ್ತೈದು ವರ್ಷ ಈ ಮಾತೆತ್ತಿದರೆ ಜೈಲು. ಈಗ ನೋಡಿದರೆ ಎಲ್ಲರಿಗೂ ಬಾಯಿಪಾಠ. ಕಂಬಳಿಯೊಳಗೆ ಮುಸುಕು ಹಾಕಿಕೊಂಡು ಕಲಿಸಿದ್ದರೇನೋ.

ದ್ರೆನ ಬಯಲುಸೀಮೆಯಲ್ಲಿ ಒಬ್ಬ ತುರ್ಕಿ ಅಧಿಕಾರಿಯನ್ನು ಕೊಂದು, ಬೆನ್ನಿಗೆ ತೊಟ್ಟಿಲು ಕಟ್ಟಿಕೊಂಡು ಈ ಕಣಿವೆಗೆ ಓಡಿಬಂದನಂತೆ. ಅವನಿಗೆ ನಾಲ್ಕು ಗಂಡುಮಕ್ಕಳು, ಅವರಿಂದ ನಾಲ್ಕು ಕವಲು, ಅದೇ ಇಡೀ ದ್ರೆನೋಷಿ ಕುಲ. ಆದ್ದರಿಂದ ಸಂಘದವರು ಕಿತ್ತುಕೊಂಡಿದ್ದ ಮೇಲಿನ ಹುಲ್ಲುಗಾವಲು ಇನ್ನು ನಾಲ್ಕು ಪಾಲು. ಸಂತ ಯೋಹಾನನ ಹಬ್ಬದ ದಿನ ಕುಲದ ಸಭೆ ಸೇರಿ ಗಡಿಗಲ್ಲು ನೆಡುತ್ತಾರೆ.

ದೋದನ ಮನೆಯವರು ದ್ರೆನನ ರಕ್ತದವರಲ್ಲ. ಅವರು ಅನಾಸರು, ದ್ರೆನ ಬರುವ ಮೊದಲೇ ಇಲ್ಲಿದ್ದವರು. ಈಗ ಮೂರೇ ಮನೆ: ನಮ್ಮದು, ಮೈದುನ ಝೆಫ್‌ನದು, ಬೀಗ ಬಿದ್ದಿರುವ ಇನ್ನೊಂದು. ನಾನಂತೂ ಆಚೆ ಕಣಿವೆಯ ಬೇರೆ ಕುಲದ ಹೆಣ್ಣು, ಯಾವ ಲೆಕ್ಕಕ್ಕೂ ಸೇರಿದವಳಲ್ಲ. ನಾಲ್ಕು ಪಾಲಿನಲ್ಲಿ ಅನಾಸರಿಗೆ ಒಂದು ಗರಿಕೆಯೂ ಇಲ್ಲ. ಹಾಗಾದರೆ ಕುರಿ ಏನು ತಿನ್ನಬೇಕು? ಝೆಫ್‌ನನ್ನು ಕೇಳಬೇಕು. ದೋದ ಇದ್ದಿದ್ದರೆ ಏನನ್ನುತ್ತಿದ್ದ? ಹೂಂ ಅನ್ನುತ್ತಿದ್ದ.

ಏಪ್ರಿಲ್ 29

ಬೇಲಿಗೆ ಮುಳ್ಳು ಕಡಿಯಲೇ ಎಂದು ಝೆಫ್‌ನನ್ನು ಕೇಳಿದೆ. ಭಾನುವಾರ ನೋಡೋಣ ಅಂದ. ಅಷ್ಟರಲ್ಲಿ ಮೇಕೆ ನುಗ್ಗಿ ಈರುಳ್ಳಿ ಸಸಿಯನ್ನೆಲ್ಲ ತಿಂದಿತು.

ಮೇ 3

ಲೂಲಾಶ್ ಬಂದಿದ್ದರು, ಹಿಂದೆ ಝೆಫ್. ಲೂಲಾಶ್ ಅಂದರೆ ಎರಡನೇ ಕವಲಿನ ಹಿರಿಯ, ಕುಲದಲ್ಲಿ ಅವರ ಮಾತಿಗೆ ತೂಕ ಜಾಸ್ತಿ. ನಮಗೆ ಬೀಗರೂ ಹೌದು. ಅವರ ಮೊಮ್ಮಗ ಮರಾಶನಿಗೆ ದಿಲಾಳನ್ನು ಕೊಡುವುದೆಂದು ದೋದ ಮಾತು ಕೊಟ್ಟು, ಜನವರಿಯಲ್ಲೇ ಸೆಪ್ಟೆಂಬರ್ ಹದಿಮೂರು ಎಂದು ದಿನ ಗೊತ್ತುಮಾಡಿದ್ದ. ಗೊತ್ತುಮಾಡಿದ ಮದುವೆಯ ದಿನವನ್ನು ನಮ್ಮಲ್ಲಿ ಯಾರೂ ಮುಂದೂಡುವುದಿಲ್ಲ. ಮನೆಯಲ್ಲಿ ಹೆಣ ಬಿದ್ದಿದ್ದರೂ ದಿಬ್ಬಣ ಹೊರಡಲೇಬೇಕು. ಅದಕ್ಕೇ ಸಾವಿನ ವರ್ಷದಲ್ಲೂ ನಾನು ಮದುವೆಯ ಕಾಲುಚೀಲ ಹೆಣೆಯುತ್ತಿದ್ದೇನೆ. ಆ ಹುಡುಗ ನನಗೆ ಅಷ್ಟೇನೂ ಹಿಡಿಸಿಲ್ಲ, ಬಾಯಿ ಬಿಡದೆ ನಗುವ ಗಂಡಸರನ್ನು ನಾನು ನಂಬುವುದಿಲ್ಲ. ಆದರೆ ನನ್ನನ್ನು ಕೇಳಿದವರು ಯಾರು?

ಒಲೆಯ ಬಲಗಡೆಯ ಜಾಗ ದೋದನದು. ಅಲ್ಲಿ ಈಗ ಯಾರೂ ಕೂರುವುದಿಲ್ಲ. ಲೂಲಾಶರೂ ಅದನ್ನು ಬಿಟ್ಟು ಎಡಕ್ಕೆ ಕೂತರು. ನಾನು ಬಾಗಿಲ ಬಳಿ ನಿಂತೆ.

"ಬೀಗಿತ್ತಿ, ಸಿಹಿ ಸುದ್ದಿ ತಂದಿದೀನಿ," ಅಂದರು. "ನಿಮ್ಮನ್ನ ಬಿಟ್ಟು ಹುಲ್ಲು ಹಂಚ್ಕೊಂಡ್ರೆ ಅದು ನನಗೆ ಅರಗೋದಿಲ್ಲ. ದ್ರೆನನಿಗೆ ಮಕ್ಕಳು ನಾಲ್ಕಲ್ಲ, ಐದು. ಕೊನೇದು ಕಾಯಿಲೆ ಕೂಸು. ಅನಾಸರ ಹೆಂಗಸೊಬ್ಬಳು ಮೊಲೆಹಾಲು ಕೊಟ್ಟು ಉಳಿಸಿಕೊಂಡ್ಳು. ಆ ಕೂಸಿನ ವಂಶಾನೇ ನೀವು."

"ಹೀಗಂತ ಹೇಳಿದ್ಯಾರು ಬೀಗರೇ?"

"ನಾನು ಹೇಳ್ತಾ ಇದೀನಲ್ಲ! ಯೋಚನೆ ಮಾಡಿ ನೋಡಿ. ತೊಟ್ಟಿಲು ಹೊತ್ಕೊಂಡು ಬಂದ ಅಂತ ಎಲ್ರೂ ಹೇಳ್ತಾರೆ. ಖಾಲಿ ತೊಟ್ಟಿಲು ಯಾವ ಬೆಪ್ಪ ಹೊರ್ತಾನೆ?"

ಝೆಫ್ ತೊಡೆ ತಟ್ಟಿಕೊಂಡ. ಲೂಲಾಶ್ ಕೆಟ್ಟವರಲ್ಲ, ಒಂದು ಲೋಟ ರಾಕಿ ಸಾರಾಯಿ ಒಳಗೆ ಹೋದರೆ ಊರಿಗೇ ಉಪಕಾರ ಮಾಡುವ ಉಮೇದು. ಉಳಿದ ಮೂರು ಕವಲನ್ನೂ ಆಗಲೇ ಒಪ್ಪಿಸಿದ್ದಾರಂತೆ. ಐದು ಪಾಲು, ಐದನೆಯದು ನಮಗೆ. ಸುಳ್ಳು ಯಾಕೆ ಹೇಳಲಿ, ನನಗೂ ಸಂತೋಷವಾಯಿತು. ಮದುವೆಯಾಗಿ ಬಂದ ದಿನದಿಂದ ಬಾವಿಕಟ್ಟೆಯಲ್ಲಿ 'ಅನಾಸರ ಸೊಸೆ' ಅನ್ನಿಸಿಕೊಂಡವಳು ನಾನು. ಇನ್ನು ನಾವೂ ಯಾರೋ ಆದೆವು. ದೋದ ಇದನ್ನು ನೋಡಬೇಕಿತ್ತು.

ಮೇ 9

ಝೆಫ್ ಹೊಸ ಪೂರ್ವಿಕರನ್ನು ಬಾಯಿಪಾಠ ಮಾಡುತ್ತಿದ್ದಾನೆ. ಹದಿನಾಲ್ಕರಲ್ಲಿ ಆರು ಜನ ನಿಜವಾಗಿ ಅವನ ಅಜ್ಜಂದಿರು, ಉಳಿದವರನ್ನು ಲೂಲಾಶ್ ಹುಟ್ಟಿಸಿಕೊಟ್ಟಿದ್ದಾರೆ. ಒಂಬತ್ತನೆಯವನ ಹತ್ತಿರ ಪ್ರತಿಸಲವೂ ತಡವರಿಸುತ್ತಾನೆ. "ಯಾರ ಹೆಸರಾದ್ರೂ ಹಾಕು ಚಿಕ್ಕಪ್ಪಾ, ಅವನೇನು ಎದ್ದು ಬಂದು ಜಗಳ ಮಾಡ್ತಾನಾ?" ಅಂದಳು ದಿಲಾ. ಝೆಫ್‌ಗೆ ಸಿಟ್ಟು ಬಂತು. ನಾನು ಬಹಳ ದಿನದ ಮೇಲೆ ನಕ್ಕೆ.

ಮೇ 17, ಭಾನುವಾರ

ಸೂರಿಲ್ಲದ ಇಗರ್ಜಿಯಲ್ಲಿ ಇವತ್ತು ಪೂಜೆ. ಹೊಸ ಪಾದ್ರಿಗಳು ಶ್ಕೋದ್ರಾ ಪಟ್ಟಣದಿಂದ ಮೂರು ತಿಂಗಳಿಗೊಮ್ಮೆ ಬರುತ್ತಾರೆ, ಅದಕ್ಕೇ ಶರತ್ಕಾಲದ ಮದುವೆಗಳ ಹೆಸರನ್ನೂ ಈಗಲೇ ಕೇಳಿದರು. ಝೆಫ್ ಎದೆಯುಬ್ಬಿಸಿ ಎದ್ದ.

"ದಿಲಾ, ದೋದನ ಮಗಳು, ದ್ರೆನೋಷಿ ಕುಲ, ಐದನೇ ಕವಲು!"

ಲೂಲಾಶ್ ಎದ್ದರು. "ಮರಾಶ್, ನನ್ನ ಮೊಮ್ಮಗ, ದ್ರೆನೋಷಿ ಕುಲ, ಎರಡನೇ..."

ಅಲ್ಲಿಗೆ ನಾಲಿಗೆ ನಿಂತಿತು. ದ್ರೆನೋಷಿಯವನು ದ್ರೆನೋಷಿಯ ಹೆಣ್ಣನ್ನು ತರುವುದೆಂದರೆ ಒಡಹುಟ್ಟಿದವಳನ್ನು ತಂದಂತೆ. ನೂರು ತಲೆಮಾರಾದರೂ ಅಷ್ಟೇ. ಈ ಕಣಿವೆಯಲ್ಲಿ ಅವರು ಹೆಣ್ಣು ತರಬಹುದಾದದ್ದು ಅನಾಸರ ಮನೆಯಿಂದ ಮಾತ್ರ, ಅವರು ಬೇರೆ ರಕ್ತವೆಂದು. ಆ ಮನೆಯನ್ನೂ ರಾಕಿಯ ಔದಾರ್ಯದಲ್ಲಿ ರಕ್ತಕ್ಕೆ ಸೇರಿಸಿಕೊಂಡು ಎರಡು ವಾರ ಕುಣಿದಾಡಿದ್ದಾರೆ. ಇಷ್ಟು ಮೀಸೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಅದನ್ನೂ ಬರೆದಿಡಬೇಕು.

ಪಾದ್ರಿಗಳು ವಿಷಯ ಕೇಳಿ ನಕ್ಕುಬಿಟ್ಟರು. "ಹದಿನಾಲ್ಕು ತಲೆಮಾರಿನ ಹಿಂದಿನ ಸಂಬಂಧಾನಾ? ಚರ್ಚು ಅಷ್ಟು ಹಿಂದಕ್ಕೆ ಹೋಗಲ್ಲಪ್ಪ. ಧಾರಾಳವಾಗಿ ಮದುವೆ ಮಾಡಿ."

ಹಿಂದಿನ ಸಾಲಿನಿಂದ ಯಾರೋ ಅಂದರು: "ಸ್ವಾಮಿ, ಪೋಪೇ ಬಂದು ಮಾಡಿಸಿದ್ರೂ ಅಣ್ಣ ಅಣ್ಣಾನೇ, ತಂಗಿ ತಂಗೀನೇ."

ಮರಾಶ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ದಿಲಾ ಎದ್ದು ಹೊರಗೆ ಹೋದಳು.

ಮೇ 18

ದಿಲಾ ಊಟ ಮಾಡಲಿಲ್ಲ. ನಾನೂ.

ಮೇ 21

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರ ಪಂಚಾಯಿತಿ ಮುಗಿಯಿತು. ಎರಡೂ ಮನೆಯವರು ಒಪ್ಪಿ ಸಂಬಂಧ ಬಿಟ್ಟುಬಿಟ್ಟರೆ ಅವಮಾನವಿಲ್ಲ, ಹಗೆಯಿಲ್ಲ. ಲೂಲಾಶ್ ಮುಖ ತಗ್ಗಿಸಿ ಹೀಗೆ ಹೇಳಿಕಳಿಸಿದ್ದಾರೆ. ಝೆಫ್‌ನ ಮುಖವೇನೂ ತಗ್ಗಿಲ್ಲ.

"ಹುಡುಗಿಗೆ ಇನ್ನೊಂದು ಗಂಡು ಸಿಗ್ತಾನೆ. ಹುಲ್ಲುಗಾವಲು ಇನ್ನೊಂದು ಸಿಗುತ್ತಾ ಅತ್ತಿಗೆ? ಕೈಗೆ ಬಂದ ತುತ್ತು ಇದು."

ಯೋಚಿಸುತ್ತೇನೆ ಅಂದೆ. ನಿಜವಾಗಿಯೂ ಯೋಚಿಸಿದೆ. ಮೇವಿಲ್ಲದೆ ಎರಡು ಚಳಿಗಾಲ ಕಳೆದರೆ ಮಂದೆಯಿಲ್ಲ, ಮಂದೆಯಿಲ್ಲದಿದ್ದರೆ ಈ ಮನೆಯಿಲ್ಲ.

ಮಧ್ಯಾಹ್ನ ಮರಾಶ್ ಬಂದ. ಊರೆಲ್ಲ ನೋಡುವ ಹಾಗೆ ನಮ್ಮ ಕಲ್ಲುಗೋಡೆಯ ಆಚೆ ನಿಂತು, "ಅತ್ತೇ, ನಾನು ಬೇರೆ ಯಾರನ್ನೂ ಕಟ್ಕೊಳ್ಳಲ್ಲ. ತಾತ ಬೈದ್ರೂ ಸರಿ. ಇದನ್ನ ಹೇಳೋಕೆ ಬಂದೆ" ಅಂದ. ನಗಲಿಲ್ಲ. ಒಳಗೆ ದಿಲಾ ರೊಟ್ಟಿಯ ಹಿಟ್ಟನ್ನು ನಾದುತ್ತಲೇ ಇದ್ದಳು, ಮುಖವೆಲ್ಲ ಒದ್ದೆ. ಇಟಲಿಯವರು ಪುಕ್ಕಟೆ ಕಳಿಸಿದ ಹಿಟ್ಟಿಗೆ ನನ್ನ ಮಗಳ ಕಣ್ಣೀರಿನ ಉಪ್ಪು. ಹುಡುಗ ಪರವಾಗಿಲ್ಲ.

ಮೇ 29

ಲೂಲಾಶರ ತಾಯಿ ದ್ರಾನೆ ಅಜ್ಜಿಯನ್ನು ನೋಡಲು ಹೋಗಿದ್ದೆ. ಎಂಬತ್ತೆಂಟು ವರ್ಷ, ಹಲ್ಲು ಹೋಗಿದೆ, ನಾಲಿಗೆ ಇದೆ. ಬೀಗ ಬಿದ್ದಿರುವ ಆ ಮೂರನೇ ಅನಾಸ್ ಮನೆಯ ಮಗಳು ಆಕೆ. ಐದನೇ ಮಗನ ವಿಷಯವನ್ನು ಆಕೆಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದೆ. ಹಿಂಜುತ್ತಿದ್ದ ಉಣ್ಣೆಯನ್ನು ಪಕ್ಕಕ್ಕಿಟ್ಟಳು.

"ಹಾಗಾದ್ರೆ ನಾನೂ ದ್ರೆನೋಷಿ?"

"ಹೌದು ಅಜ್ಜಿ, ಈಗ."

"ನನ್ನ ಗಂಡಾನೂ ದ್ರೆನೋಷಿ. ಅಂದ್ರೆ ನಾನು ಐವತ್ತು ವರ್ಷ ಅಣ್ಣನ ಮಗ್ಗುಲಲ್ಲಿ ಮಲಗಿದ್ನಾ? ಗೋರೀಲಿ ಇರೋವ್ನಿಗೆ ಹೋಗಿ ಹೇಳಬೇಕೋ ಏನೋ. ಮತ್ತೆ ಈ ನನ್ನ ಮಗ, ಅದೇ, ಐದು ಬೆರಳು ಎಣಿಸಿದೋನು, ಅವನು ಯಾರಿಗೆ ಹುಟ್ಟಿದ ಹಾಗಾಯ್ತು?"

ಇಬ್ಬರೂ ನಕ್ಕೆವು, ಹೊಟ್ಟೆ ಹಿಡಿದುಕೊಂಡು. ಆಮೇಲೆ ಅಜ್ಜಿ ನಗು ನಿಲ್ಲಿಸಿ, ತನ್ನ ತವರಿನಲ್ಲಿ ಹೆಂಗಸರು ಹೇಳುತ್ತಿದ್ದ ಕಥೆ ಹೇಳಿದಳು. ದ್ರೆನ ಯಾರನ್ನೂ ಗೆದ್ದು ಬರಲಿಲ್ಲ. ಹಿಮದಲ್ಲಿ ಕಾಲು ಮರಗಟ್ಟಿ ಅನಾಸರ ಬಾಗಿಲಿಗೆ ಬಂದು ಬಿದ್ದ. ಅವರು ಬಿಸಿ ಹಾಲು ಕೊಟ್ಟು, ಎಷ್ಟು ದಿನ ಇರ್ತೀಯಪ್ಪ ಎಂದು ಕೇಳಿದರು. ಹಿಮ ಕರಗೋ ತನಕ ಅಂದ. "ಮುನ್ನೂರೈವತ್ತು ವರ್ಷ ಆಯ್ತು ಪಾಶ್ಕಾ. ಅವರಿಗೆ ಇನ್ನೂ ಕರಗಿಲ್ಲ."

ಮೇಲಿನ ಬಯಲಿನಲ್ಲಿ ಬುಗ್ಗೆಯ ಪಕ್ಕ ಇರುವ ಮುರುಕು ಗೋಡೆಗಳು ಅನಾಸರ ಬೇಸಿಗೆ ಮನೆಗಳು ಅಂದಳು. ಆಕೆ ಹುಡುಗಿಯಾಗಿದ್ದಾಗ ಅಲ್ಲಿ ಬೆಣ್ಣೆ ಕಡೆದಿದ್ದಳಂತೆ. ಅದೂ ಇವರ ನಾಲ್ಕು ಪಾಲಿನೊಳಗೆ ಸೇರಿದೆ.

ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಸಿಟ್ಟು ಏರುತ್ತಲೇ ಇತ್ತು. ಅತಿಥಿಗಳು ಮನೆಯವರಿಗೆ ಪಾಲು ಕೊಡುತ್ತಾರಂತೆ! ಅದಕ್ಕೆ ನಾವು ಅವರ ಕೂಸಿನ ವಂಶವಾಗಬೇಕಂತೆ!

ಜೂನ್ 7

ಝೆಫ್‌ಗೆ ಹೇಳಿಬಿಟ್ಟೆ. ಐದನೇ ಮಗ ನಮಗೆ ಬೇಡ, ಮದುವೆ ಗೊತ್ತಾದ ದಿನವೇ ಆಗುತ್ತದೆ ಎಂದು.

"ನಿಮಗೇನು ತಲೆ ಕೆಟ್ಟಿದೆಯಾ ಅತ್ತಿಗೆ? ಈ ಮನೆಗೆ ಗಂಡಸು ಅಂದ್ರೆ ಈಗ ನಾನು."

"ನಿನ್ನ ಮನೆಗೆ ನೀನು ಗಂಡಸಪ್ಪ, ಯಾರು ಬೇಡ ಅಂದ್ರು?"

"ಅನಾಸರ ಮಾತು ಆಡೋಕೆ ನೀವ್ಯಾರು? ಆಚೆ ಕಣಿವೆಯಿಂದ ಬಂದೋರು!"

"ಹೌದು, ಬಂದೋಳು. ಬಂದು ಇಪ್ಪತ್ತೊಂಬತ್ತು ವರ್ಷ ಈ ಮನೆ ನೀರು ಹೊತ್ತೆ, ಈ ಮನೆ ಹೆಣ ತೊಳೆದೆ. ನೀನು ಇಲ್ಲೇ ಹುಟ್ಟಿ ಒಂದೇ ದಿನದಲ್ಲಿ ಅಪ್ಪನ್ನ ಬದಲಾಯಿಸ್ಕೊಂಡೆ. ಯಾರಪ್ಪ ಹೊರಗಿನೋರು?"

ಹಾಲಿನ ತಂಬಿಗೆ ಒದ್ದು ಹೋದ. ಒಳ್ಳೆಯ ತಂಬಿಗೆ, ಈಗ ಸೊಟ್ಟಗಾಗಿದೆ.

ಜೂನ್ 11

ಮೇಲಿನ ಬಯಲಿಗೆ ಬಂದೆವು. ನಾನು, ದಿಲಾ, ಕುರಿಗಳು, ಮೇಕೆ, ಕಡಾಯಿ, ಹಾಸಿಗೆ, ಮದುವೆ ಪೆಟ್ಟಿಗೆ, ಎಲ್ಲವೂ. ಕತ್ತೆ ಎರಡು ಸಲ ಓಡಾಡಿತು. ಮುರುಕು ಗೋಡೆಗಳಲ್ಲಿ ಗಟ್ಟಿಯಾದ ಒಂದಕ್ಕೆ ಹಲಗೆ ಹೊದಿಸಿ, ಮೇಲೆ ಕಲ್ಲು ಹೇರಿದೆವು. ಕೆಳಗಿನ ಮನೆಯ ಒಲೆಯಿಂದ ಮಡಕೆಯಲ್ಲಿ ಕೆಂಡ ತಂದು ಇಲ್ಲಿ ಬೆಂಕಿ ಹಾಕಿದೆ, ಕೆಳಗಿನದನ್ನು ಆರಿಸಿದೆ. ಒಂದು ಮನೆಗೆ ಎರಡು ಒಲೆ ಇರಬಾರದು. ಬುಗ್ಗೆಯ ನೀರು ಹಲ್ಲು ಜುಮ್ಮೆನ್ನಿಸುವಷ್ಟು ತಂಪು.

ಒಲೆಯ ಬಲಗಡೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಹೊಗೆ ಕಡಿಮೆ.

ಝೆಫ್‌ಗೆ ಹೇಳುವುದು ಮರೆತೇಹೋಯಿತು.

ಜೂನ್ 24. ಸಂತ ಯೋಹಾನನ ಹಬ್ಬ

ಬಂದರು. ಕೆಳಗೆ ಸಭೆ ಮುಗಿಸಿ, ಗಡಿಗಲ್ಲು ನೆಡಲು ಗುದ್ದಲಿ ಹಿಡಿದು ಬಂದರು. ಮುಂದೆ ಲೂಲಾಶ್, ಹಿಂದೆ ನಾಲ್ಕು ಕವಲಿನ ಗಂಡಸರು, ಕೊನೆಯಲ್ಲಿ ಮುಖ ಊದಿಸಿಕೊಂಡ ಝೆಫ್. ಕೆಲವರ ಹೆಗಲಲ್ಲಿ ಬಂದೂಕು. ನಾನು ಬಾಗಿಲ ಮುಂದೆ ಬೆಣ್ಣೆ ಕಡೆಯುತ್ತಿದ್ದೆ. ನಿಲ್ಲಿಸಲಿಲ್ಲ.

"ಬೀಗಿತ್ತಿ," ಅಂದರು ಲೂಲಾಶ್, "ಇದು ಮೂರನೇ ಕವಲಿನ ಪಾಲಿಗೆ ಬಂದಿದೆ. ನಿಮ್ಮ ಪಾಲು ಆಚೆ ದಿಣ್ಣೆ ಮೇಲಿದೆ. ಇಳಿದು ಬನ್ನಿ."

"ಆ ಪಾಲು ದ್ರೆನನ ಐದನೇ ಮಗನಿಗೆ ಅಲ್ವಾ? ನಾನು ಅವನ ಸೊಸೆಯಲ್ಲ."

"ಹಟ ಮಾಡಬೇಡಿ. ಕುಲ ನಿರ್ಧಾರ ಮಾಡಿದೆ."

ಮೂರನೇ ಕವಲಿನ ದಪ್ಪ ಮೀಸೆಯವನೊಬ್ಬ ಮುಂದೆ ಬಂದು, ಹೆಂಗಸಿನ ಜೊತೆ ಏನು ಮಾತು, ಹಲಗೆ ಕಿತ್ತು ಬಿಸಾಕಿ ಅಂದ. ಆಗ ನಾನು ಎದ್ದು ನಿಂತೆ. ಕೈಯಲ್ಲಿ ಕಡೆಗೋಲು ಇತ್ತು, ಅಷ್ಟೇ.

"ಬಾರಪ್ಪ, ಕೀಳು. ನಾನು ಹೆಂಗಸು. ನಾನು ನಿನ್ನನ್ನ ಹೊಡೆದ್ರೆ ನಿನಗೆ ನಗೆಪಾಟಲು. ನೀನು ನನ್ನನ್ನ ಮುಟ್ಟಿದ್ರೆ ನಿನ್ನ ಮನೆ ಕಾಫೀನ ಈ ಪರ್ವತದಲ್ಲಿ ಯಾರೂ ಕುಡಿಯಲ್ಲ. ಇದು ನಾನು ಮಾಡಿದ ಕಾನೂನಲ್ಲ, ನಿಮ್ಮಪ್ಪಂದಿರು ಮಾಡಿದ್ದು. ಬಂದೂಕು ಯಾಕೆ ತಂದ್ರಿ? ನನ್ನ ಮೇಕೆಗಾ?"

ಮೀಸೆಯವನು ನಿಂತ ಕಡೆಯೇ ನಿಂತ. ನನ್ನ ನಾಲಿಗೆ ತನ್ನ ಪಾಡಿಗೆ ಓಡುತ್ತಿತ್ತು.

"ಈಗ ಐದನೇ ಮಗನ ವಿಷಯ. ಅನಾಸರು ನಿಮ್ಮ ರಕ್ತ ಆದ್ರೆ, ಬೀಗರೇ, ನಿಮ್ಮ ತಾಯಿ ದ್ರಾನೆ ಅಜ್ಜಿ ನಿಮ್ಮಪ್ಪನಿಗೆ ತಂಗಿ. ಮೀಸೆಯವನೇ, ನಿನ್ನ ಅಜ್ಜಿ ಯಾರ ಮಗಳು? ಇಲ್ಲಿ ಅನಾಸರ ಹೆಣ್ಣಿನ ಹಾಲು ಕುಡೀದೆ ಇರೋ ಮನೆಯವರು ಕೈ ಎತ್ತಿ ನೋಡೋಣ. ಹದಿನಾಲ್ಕು ಅಪ್ಪಂದಿರ ಹೆಸರು ಹೇಳ್ತೀರಿ, ಅವ್ರ ಪಕ್ಕದಲ್ಲಿ ಮಲಗಿದ್ದವರು ಯಾರು ಅಂತ ಒಂದು ಸಲ ಕೇಳ್ಕೊಳ್ಳಿ. ನಾವು ಬೇರೆ ರಕ್ತ ಆಗಿದ್ದಕ್ಕೇ ನೀವೆಲ್ಲ ಮರ್ಯಾದೆಯಾಗಿ ಹುಟ್ಟಿದ್ದು. ನಾವು ಮೊದಲೇ ಇದ್ದವರು, ಹಾಗೇ ಇರ್ತೀವಿ. ಈಗ ಹೇಳಿ, ನಿಮಗೆ ಐದನೇ ಮಗ ಬೇಕಾ?"

ಯಾರೂ ಕೈ ಎತ್ತಲಿಲ್ಲ. ಲೂಲಾಶ್ ಬಿಳೀ ಟೋಪಿ ತೆಗೆದು ತಲೆ ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

"ಆ ಕೂಸು... ತೊಟ್ಟಿಲಲ್ಲೇ ತೀರಿಕೊಂಡಿತು ಅಂತ ಇಟ್ಕೊಳ್ಳೋಣ," ಅಂದರು.

ಯಾರೋ ಶಿಲುಬೆಯ ಗುರುತು ಹಾಕಿಕೊಂಡರು. ಮುನ್ನೂರೈವತ್ತು ವರ್ಷದ ಹಿಂದಿನ ಕೂಸು ಇವತ್ತು ಮಧ್ಯಾಹ್ನ ಸತ್ತಿತು. ಪಾಪ, ದೇವರು ಅದಕ್ಕೆ ಒಳ್ಳೆಯದು ಮಾಡಲಿ.

"ಆದ್ರೆ ಆಗ ನಿಮಗೆ ಪಾಲೂ ಇಲ್ಲ ಬೀಗಿತ್ತಿ. ಇದನ್ನ ಬಿಟ್ಟು ಇಳಿದು ಬನ್ನಿ. ಮದುವೆ ಆಗಲಿ, ನಾನೇ ನಿಂತು ಮಾಡ್ತೀನಿ."

"ಮದುವೆ ಆಗುತ್ತೆ. ದೋದ ಕೊಟ್ಟ ದಿನ, ಸೆಪ್ಟೆಂಬರ್ ಹದಿಮೂರು. ನನ್ನ ಒಲೆ ಉರೀತಿರೋದು ಇಲ್ಲಿ, ಕೆಳಗೆ ಬೂದಿ ಇದೆ. ಹೆಣ್ಣನ್ನ ಹೆಣ್ಣಿನ ಮನೆಯಿಂದ ಕರ್ಕೊಂಡು ಹೋಗ್ಬೇಕು. ದಿಬ್ಬಣ ಇಲ್ಲಿಗೆ ಬರಲಿ."

ಅರ್ಥವಾಗದಿರಲು ಅವರೇನು ಮಗುವಲ್ಲ. ದಿಬ್ಬಣ ಇಲ್ಲಿಗೆ ಬಂದರೆ ಇದು ನಮ್ಮ ಮನೆಯೆಂದು ಇಡೀ ಪರ್ವತದ ಎದುರು ಒಪ್ಪಿದಂತೆ. ಬಾರದಿದ್ದರೆ ಗೊತ್ತಾದ ಹೆಣ್ಣನ್ನು ಬಿಟ್ಟ ಮನೆ ಎಂಬ ಕಳಂಕ. ಗುದ್ದಲಿ ಹೊತ್ತು ಇಳಿದು ಹೋದರು. ಗಡಿಗಲ್ಲನ್ನು ಬುಗ್ಗೆಯ ಕೆಳಗೆ ಅಡ್ಡ ಬಿಸಾಡಿ ಹೋಗಿದ್ದಾರೆ. ಚಪ್ಪಟೆ ಕಲ್ಲು, ಬಟ್ಟೆ ಒಗೆಯಲು ಚೆನ್ನಾಗಿದೆ.

ಜುಲೈ 19

ಚೀಸ್ ಮಾಡಿದೆ. ತೋಳ ಬಂತು, ಹೋಯಿತು. ಬರೆಯಲು ಪುರುಸೊತ್ತಿಲ್ಲ.

ಆಗಸ್ಟ್ 15

ಝೆಫ್ ಬಂದ, ಒಂದು ಮೂಟೆ ಉಪ್ಪು ಹೊತ್ತುಕೊಂಡು. ಗೋಡೆಯ ಹೊರಗೇ ನಿಂತಿದ್ದ. ಒಳಗೆ ಬಾ ಎಂದು ಕರೆದು ಮಜ್ಜಿಗೆ ಕೊಟ್ಟೆ. ಊರಿನಲ್ಲಿ ಮನೆಮನೆಯಲ್ಲೂ ಜಗಳವಂತೆ. ಮೂರನೇ ಕವಲಿನವರು ದಿಬ್ಬಣಕ್ಕೆ ಬರುವುದಿಲ್ಲ ಅನ್ನುತ್ತಾರೆ. ದ್ರಾನೆ ಅಜ್ಜಿ ಮಗನ ಜೊತೆ ಮಾತು ಬಿಟ್ಟಿದ್ದಾಳೆ, ರೊಟ್ಟಿಯನ್ನೂ ಮರಾಶನ ಕೈಯಿಂದಲೇ ತೆಗೆದುಕೊಳ್ಳುತ್ತಾಳೆ.

"ಆ ಒಂದು ದಿನದ ಮಟ್ಟಿಗೆ ಕೆಳಗೆ ಬಂದುಬಿಡಿ ಅಂತ ಲೂಲಾಶಜ್ಜ ಹೇಳಿ ಕಳಿಸಿದಾರೆ. ಅವರು ಮೇಲೆ ಬರ್ತಾರೋ ಇಲ್ವೋ, ನಂಗಂತೂ ಅನುಮಾನ. ಹುಡುಗಿ ಬಾಳು ಅಲ್ವಾ ಅತ್ತಿಗೆ?"

ನಾನು ದಿಲಾಳ ಕಡೆ ನೋಡಿದೆ. ನಿಜವಾಗಿ ಬಾಳಬೇಕಾದವಳು ಅವಳೇ ತಾನೇ? ನೀನು ಇಳಿಯೋಣ ಅಂದರೆ ಇಳಿಯುತ್ತೇನೆ ಅಂದೆ, ಮನಸ್ಸಿನಿಂದಲೇ ಅಂದೆ. ಅವಳು ಹಿಟ್ಟಿನ ಕೈ ಕೊಡವಿ, "ಇಳಿದ್ರೆ ನಾನು ಆ ಮನೇಲಿ ಜನ್ಮಪೂರ್ತಿ ತಲೆ ತಗ್ಗಿಸಿಕೊಂಡಿರಬೇಕು. ಬರಬೇಕಾದವ್ರು ಬರಲಿ" ಅಂದಳು. ನನ್ನ ಮಗಳು.

ಝೆಫ್ ಹೊರಡುವಾಗ ತಲೆ ಕೆರೆದುಕೊಂಡು, ತನ್ನ ಕುರಿಗಳನ್ನೂ ಇಲ್ಲಿಗೆ ತರಬಹುದೇ ಎಂದು ಕೇಳಿದ. ಉತ್ತರದ ಗೋಡೆಯ ಹತ್ತಿರ ಕಟ್ಟು ಅಂದೆ.

ಸೆಪ್ಟೆಂಬರ್ 12

ಮೂರು ಕುರಿ ಕಡಿಸಿದೆ. ದೊಡ್ಡ ಕಡಾಯಿ ತೊಳೆದಿದೆ. ನೂರು ಜನಕ್ಕೆ ಅಡಿಗೆ ಮಾಡಿಟ್ಟು ನಾಳೆ ಯಾರೂ ಬಾರದಿದ್ದರೆ? ತೋಳಕ್ಕೆ ಮದುವೆ ಊಟ ಅಂತ ದಿಲಾ ತಮಾಷೆ ಮಾಡಿದಳು. ಮಾಡಿ ಅತ್ತಳು. ಹೆದರಿಕೆಯಾಗುತ್ತಿದೆ, ಸುಳ್ಳಿಲ್ಲ. ಆದರೆ ಇಳಿಯುವುದಿಲ್ಲ.

ಸೆಪ್ಟೆಂಬರ್ 13

ಬೆಳಿಗ್ಗೆ ಮೊದಲು ಗುಂಡಿನ ಸದ್ದು ಕೇಳಿತು, ಆಮೇಲೆ ಹಾಡು. ದಿಣ್ಣೆಯ ಮೇಲೆ ಮದುವೆಯ ಕೆಂಪು ಬಾವುಟ ಕಂಡಿತು. ಮರಾಶ್ ಪದ್ಧತಿಯಂತೆ ಕೆಳಗೆ ಮನೆಯಲ್ಲೇ ಉಳಿದಿದ್ದ. ದಿಬ್ಬಣದ ಮುಂದೆ ಲೂಲಾಶ್, ಕುದುರೆಯ ಮೇಲೆ. ಎಣಿಸಲು ಹೋಗಲಿಲ್ಲ, ಆದರೆ ಮೂರನೇ ಕವಲಿನ ಆ ದಪ್ಪ ಮೀಸೆಯೂ ಇತ್ತು, ಮುಖ ಮಾತ್ರ ಬೇರೆ ಕಡೆ ತಿರುಗಿತ್ತು.

ಬುಗ್ಗೆಯ ಕೆಳಗೆ ಎಲ್ಲರೂ ನಿಂತರು. ಹಾಡು ನಿಂತಿತು. ಇಲ್ಲಿಂದಲೇ ಹೆಣ್ಣನ್ನು ಕೆಳಗೆ ಕಳಿಸಿ ಅನ್ನುತ್ತಾರೇನೋ ಎಂದುಕೊಂಡೆ. ಝೆಫ್ ನನ್ನ ಪಕ್ಕದಲ್ಲಿ ಹೊಸ ಟೋಪಿ ಹಾಕಿಕೊಂಡು ನಿಂತಿದ್ದ. ಲೂಲಾಶ್ ಕುದುರೆಯಿಂದ ಇಳಿದರು. ನಡೆದೇ ಬಂದು ನಮ್ಮ ಗೋಡೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಇಡೀ ಬಯಲಿಗೆ ಕೇಳುವ ಹಾಗೆ, ಪರಸ್ಥಳದವನು ಪರರ ಮನೆಯ ಮುಂದೆ ಕೂಗುವಂತೆ ಕೂಗಿದರು:

"ಈ ಮನೆಯ ಯಜಮಾನಾ! ಅತಿಥಿಗಳಿಗೆ ಜಾಗ ಇದೆಯಾ?"

ಝೆಫ್ ಉತ್ತರ ಕೊಡಲು ಬಾಯಿ ತೆರೆದ. ಆಮೇಲೆ ನನ್ನ ಕಡೆ ನೋಡಿದ.

"ಇದೆ," ಅಂದೆ. "ರೊಟ್ಟಿ, ಉಪ್ಪು, ನಮ್ಮ ಹೃದಯ, ಎಲ್ಲಾ ಇದೆ. ಬನ್ನಿ, ಬಂದೂಕು ಇಲ್ಲಿ ಕೊಡಿ."

ಬಂದ ಅತಿಥಿಗಳ ಬಂದೂಕನ್ನು ಮನೆಯೊಡೆಯ ತೆಗೆದುಕೊಂಡು ಗೂಟಕ್ಕೆ ನೇತುಹಾಕಬೇಕು. ಒಂದೊಂದಾಗಿ ತೆಗೆದುಕೊಂಡೆ. ಮೀಸೆಯವನದನ್ನೂ. ಗೂಟ ಸಾಲದೆ ಕೆಲವನ್ನು ಹಾಸಿಗೆಯ ಮೇಲೆ ಒರಗಿಸಿದೆ. ಚೆನ್ನಾಗಿ ತಿಂದರು, ಚೆನ್ನಾಗಿ ಕುಡಿದರು. ಲೂಲಾಶ್ ನನ್ನ ಕಿವಿಯ ಹತ್ತಿರ ಬಾಗಿ, "ನಮ್ಮಮ್ಮ ಇವತ್ತು ನನ್ನ ಜೊತೆ ಮಾತಾಡಿದ್ಲು, ಹೋಗೋ ಕತ್ತೆ ಅಂತ" ಅಂದರು.

ಆಮೇಲೆ ದಿಲಾಳನ್ನು ಕುದುರೆ ಹತ್ತಿಸಿದರು. ಮದುಮಗಳು ಹಿಂದೆ ತಿರುಗಿ ನೋಡಬಾರದು, ಅವಳು ನೋಡಲಿಲ್ಲ. ಕೆಂಪು ಮುಸುಕಿನೊಳಗೆ ಅವಳ ಹೆಗಲು ಅಲುಗುತ್ತಿತ್ತು. ನನಗೂ ಅಳು ಬಂತು, ದೊಡ್ಡದಾಗಿ, ಗಂಡಸರ ಎದುರಿಗೇ ಅತ್ತೆ. ಇಪ್ಪತ್ತೆರಡು ವರ್ಷ ನನ್ನ ಮಗ್ಗುಲಲ್ಲಿದ್ದ ಹುಡುಗಿ ಅವಳು.

ಎಲ್ಲರೂ ಹೊರಟ ಮೇಲೆ ಲೂಲಾಶ್ ಕುದುರೆ ತಿರುಗಿಸಿಕೊಂಡು ಬಂದರು.

"ಬೀಗಿತ್ತಿ, ಒಂದು ಮಾತು. ನಾಳೆ ನಮ್ಮ ನಾಲ್ಕೂ ಕವಲಿನ ಕುರಿ ಕೆಳಗೆ ಇಳಿಸ್ತೀವಿ. ದಾರೀಲಿ ನಿಮ್ಮ ಬುಗ್ಗೇಲಿ ನೀರು ಕುಡಿಸ್ಕೊಂಡು ಹೋಗಬಹುದಾ?"

ನಿಮ್ಮ ಬುಗ್ಗೆ ಅಂದರು. ಮುನ್ನೂರೈವತ್ತು ವರ್ಷದಲ್ಲಿ ಈ ಬಯಲಿನಲ್ಲಿ ಅವರು ಏನನ್ನಾದರೂ ಕೇಳಿದ್ದು ಇದೇ ಮೊದಲಿರಬೇಕು. ಕೇಳಿ ಬಂದವರಿಗೆ ಇಲ್ಲ ಅನ್ನುವ ಮನೆ ನಮ್ಮದಲ್ಲ, ಕುಡಿಸಿಕೊಳ್ಳಿ ಅಂದೆ.

ನಾಳೆ ಬೇಗ ಏಳಬೇಕು. ಅವರು ಬರುವಷ್ಟರಲ್ಲಿ ನಮ್ಮ ಕುರಿ ಕುಡಿದಿರಬೇಕು.